ಹನ್ನೊಂದು ಕೆಂಪು ಬಟ್ಟೆ, ಮೂರು ಸಾಲು ಸೊಪ್ಪು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊಟಿ ಬೆಟ್ಟದ ಕಡೆಯ ನಮ್ಮ ಟೀ ತೋಟದಲ್ಲಿ ಮೂರು ತಿಂಗಳ ಕಾಲ ಮಳೆ ಗಾಳಿ ಎನ್ನದೆ ತೂಗಾಡಿದ ಹನ್ನೊಂದು ಕೆಂಪು ಬಟ್ಟೆಗಳನ್ನು ಕಟ್ಟಿದವನು ನಾನೇ. ಕಟ್ಟಬೆಟ್ಟಿನ ಕಡೆ ಬಸ್ಸಿನಲ್ಲಿ ಹೋಗುವವರು ಅವನ್ನು ಕಂಡು ಯಾವುದೋ ಪಕ್ಷದ ಸಮ್ಮೇಳನ ನಡೆಯಲಿದೆ ಎಂದುಕೊಂಡರಂತೆ. ಹಾಗೇನಿರಲಿಲ್ಲ. ಅದು ವಿಜ್ಞಾನವಾಗಿತ್ತು. ಕನಿಷ್ಠ ಪಕ್ಷ ನಾನು ಹಾಗೆ ತಿಳಿದಿದ್ದೆ.

ಹಟ್ಟಿ ಎಂದು ಕರೆಯುವ ನಮ್ಮ ಊರಿನಲ್ಲಿ ಕೆಂಪು ಬಟ್ಟೆಗೆ ಇರುವುದು ಒಂದೇ ಅರ್ಥ. ತೋಟಕ್ಕೆ ಕೀಟನಾಶಕ ಹೊಡೆದ ದಿನ, ತೋಟದ ಬಾಯಲ್ಲಿರುವ ಸಿಲ್ವರ್ ಓಕ್ ಮರಕ್ಕೆ ಒಂದು ಕೆಂಪು ಚಿಂದಿ ಕಟ್ಟುತ್ತೇವೆ. ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆದ ಮೇಲೆ ಬಿಚ್ಚುತ್ತೇವೆ. ಬಟ್ಟೆ ಇರುವಷ್ಟು ದಿನ ಅಲ್ಲಿ ಯಾರೂ ಏನನ್ನೂ ಕೀಳುವುದಿಲ್ಲ. ಇದು ಯಾಕೆ ಮುಖ್ಯವೆಂದರೆ, ನಮ್ಮಲ್ಲಿ ಟೀ ತೋಟವೆಂದರೆ ಬರೀ ಟೀ ಅಲ್ಲ. ಗಿಡಗಳ ನಡುವೆ ದಂಟು, ಗಣಿಕೆ, ಹೆಸರಿಲ್ಲದ ಇನ್ನೂ ನಾಲ್ಕಾರು ಸೊಪ್ಪು ತಾವಾಗಿ ಹುಟ್ಟುತ್ತವೆ. ಲೀಫ್, ಅಂದರೆ ಟೀ ಚಿಗುರು, ಕೀಳುವ ಹೆಂಗಸರು ಸಂಜೆ ಮನೆಗೆ ಹೊರಡುವಾಗ ಮಡಿಲಿಗೆ ಒಂದು ಹಿಡಿ ಸೊಪ್ಪು ಕಿತ್ತುಕೊಳ್ಳುತ್ತಾರೆ. ಯಾರ ತೋಟ ಎಂದು ಕೇಳುವ ಪದ್ಧತಿಯಿಲ್ಲ. ಲೀಫ್ ತೋಟದವನದು, ಸೊಪ್ಪು ಬಗ್ಗಿದವರದು.

ನಮ್ಮ ತೋಟ ಬೆಟ್ಟದ ಓರೆಯಲ್ಲಿದೆ. ತುತ್ತತುದಿಯಲ್ಲಿ ನಾವು ಕುಡಿಯುವ ನೀರಿನ ಒರತೆ, ಅದರ ಕೆಳಗೆ ಮೂರು ಸಾಲು ಟೀ ಗಿಡ. ಈ ಮೂರು ಸಾಲು ನನ್ನ ಪಾಲಿಗೆ ಹಳೆಯ ತಲೆನೋವು. ಉಳಿದ ಗಿಡಗಳು ನಗುತ್ತಿರುವಾಗ ಇವು ಮಾತ್ರ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ ಕಚ್ಚಿ, ಎಲೆ ಮುರುಟಿ, ಚಿಗುರು ಕಂದಿ ನಿಂತಿರುತ್ತವೆ. ಎರಡು ಸಲ ಅಲ್ಲಿನ ಮಣ್ಣನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಿದೆ. ಎರಡು ಸಲವೂ ಮಣ್ಣು ಚೆನ್ನಾಗಿದೆ ಎಂದೇ ಉತ್ತರ ಬಂತು. ನನಗೆ ಪರೀಕ್ಷೆ ಮಾಡಿದವರ ಮೇಲೆಯೇ ಅನುಮಾನ ಬಂತು. ಈ ಮೂರು ಸಾಲನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಈ ಪ್ರಬಂಧ.

ಈ ಸಲದ ಮಳೆಗಾಲ ಶುರುವಾಗುವಾಗ ಮಗಳು ಸುಮತಿ ಚೊಚ್ಚಲ ಬಸುರಿಯಾಗಿ ಮನೆಗೆ ಬಂದಳು. ಐದನೆಯ ತಿಂಗಳು. ಆಸ್ಪತ್ರೆಯ ನರ್ಸಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ಬಹಳ ಕಡಿಮೆಯಿದೆ, ಹೆರಿಗೆಯ ಹೊತ್ತಿಗೆ ಏರದಿದ್ದರೆ ತಾಯಿಗೂ ಮಗುವಿಗೂ ಕಷ್ಟ, ಮಾತ್ರೆ ತಪ್ಪಿಸಬಾರದು, ಜೊತೆಗೆ ಸೊಪ್ಪು, ರಾಗಿ, ಕಾಳು ಚೆನ್ನಾಗಿ ತಿನ್ನಬೇಕು ಎಂದರು. ಸುಮತಿ ಹುಟ್ಟಿನಿಂದ ನಗುಮುಖದವಳು. ಆವತ್ತು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡು ಕೂತಿದ್ದಳು.

ನನ್ನ ತಾಯಿ, ನಮ್ಮೆಲ್ಲರ ಅವ್ವೆಗೆ ಎಪ್ಪತ್ತೆಂಟು. ಚೀಟಿಯ ವಿಷಯ ಕೇಳಿದವಳೇ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದಳು. ಆ ರಾತ್ರಿಯಿಂದಲೇ ಮನೆಯಲ್ಲಿ ಸೊಪ್ಪಿನ ಸಾರು, ನಾವು ಹಿಟ್ಟು ಎನ್ನುವ ರಾಗಿ ಮುದ್ದೆ ಶುರುವಾಯಿತು. ನಾನೂ ನೆಮ್ಮದಿಯಾಗಿರುತ್ತಿದ್ದೆನೋ ಏನೋ. ಆದರೆ ಮರುವಾರ ನಾನು ತರಬೇತಿಗೆ ಹೋದೆ.

ಸಣ್ಣ ಟೀ ಬೆಳೆಗಾರರಿಗೆಂದು ಊಟಿಯಲ್ಲಿ ನಡೆದ ಎರಡು ದಿನದ ತರಬೇತಿ ಅದು. ವಿಷಯ: ಆಹಾರದಲ್ಲಿ ಅಪಾಯವನ್ನು ಅಳೆಯುವುದು ಹೇಗೆ. ಇಂಥ ಕಡೆ ನಾನು ಸಾಮಾನ್ಯವಾಗಿ ಮಧ್ಯಾಹ್ನದ ಊಟದವರೆಗೆ ಎಚ್ಚರವಾಗಿರುತ್ತೇನೆ. ಆವತ್ತು ಮಾತ್ರ ಬೆಟ್ಟದ ಕೆಳಗಿನ ಬಯಲಿನಿಂದ, ಅಂದರೆ ಕೆಳನಾಡಿನಿಂದ ಬಂದಿದ್ದ ಒಬ್ಬ ಯುವ ಮೇಡಂ ಮೊದಲ ಹತ್ತು ನಿಮಿಷದಲ್ಲೇ ನನ್ನ ನಿದ್ದೆ ಕಸಿದರು. ಅವರು ಕೇಳಿದ ಪ್ರಶ್ನೆ, ನಿಮ್ಮ ತೋಟಕ್ಕೆ ಕಾಟಿ ಬರುತ್ತದೆಯೇ ಎಂದು. ಬರದೆ ಏನು? ಕಾಡುಕೋಣ ನಮ್ಮಲ್ಲಿ ಸಂಬಂಧಿಕರಿಗಿಂತ ಹೆಚ್ಚಾಗಿ ಬರುತ್ತದೆ. ಕಾಟಿ ಬೆಟ್ಟದಲ್ಲಿ ಇರುವುದು ಕೇಡಿನ ಮೂಲ ಮಾತ್ರ, ಅದಿನ್ನೂ ಅಪಾಯವಲ್ಲ. ಅದು ನಿಂತ ದಾರಿಯಲ್ಲೇ ನೀವು ಎಷ್ಟು ಹತ್ತಿರ, ಎಷ್ಟು ಸಲ ಹೋಗುತ್ತೀರಿ ಎಂಬುದು ಸೇರಿದಾಗಲೇ ಅಪಾಯ ಎಂದು ಅವರು ವಿವರಿಸಿದರು. ಆಹಾರದ ವಿಷವೂ ಹಾಗೆಯೇ. ಏನಿದೆ ಎಂದಷ್ಟೇ ಕೇಳಬಾರದು. ಎಷ್ಟಿದೆ, ಯಾರು ತಿನ್ನುತ್ತಾರೆ, ಎಷ್ಟು ದಿನ ತಿನ್ನುತ್ತಾರೆ ಎಂದೂ ಕೇಳಬೇಕು. ಅಷ್ಟೇ ಅಲ್ಲ, ತಿನ್ನದೆ ಬಿಟ್ಟರೆ ಏನು ನಷ್ಟ ಎಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು.

ನನಗೆ ಮೈ ಜುಂ ಎಂದಿತು. ಐವತ್ತನಾಲ್ಕು ವರ್ಷ ತಿಂದುಕೊಂಡೇ ಬಂದಿದ್ದೇನೆ, ತಿನ್ನುವುದರ ಹಿಂದೆ ಇಷ್ಟು ಸೊಗಸಾದ ಲೆಕ್ಕಾಚಾರವಿದೆ ಎಂದು ಯಾರೂ ಹೇಳಿರಲಿಲ್ಲ. ಮೈಸೂರಿನಲ್ಲಿ ನಾಲ್ಕು ವರ್ಷ ಓದಿದ ಪುಣ್ಯಕ್ಕೆ ನನಗೆ ಕನ್ನಡ ಬರೆಯಲು ಬರುತ್ತದೆ. ಮೇಡಂ ತಮಿಳಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಗೀಚಿಕೊಂಡೆ. ಈ ವಿದ್ಯೆಗೆ ಮೂರು ಕೈಗಳಂತೆ. ಅಪಾಯವನ್ನು ಅಳೆಯುವುದು ಒಂದು, ಅದನ್ನು ಹಿಡಿತದಲ್ಲಿಡುವುದು ಇನ್ನೊಂದು, ಜನರಿಗೆ ಅದನ್ನು ತಿಳಿಯುವಂತೆ ಹೇಳುವುದು ಮೂರನೆಯದು. ಬರುವಾಗ ಬಸ್ಸಿನಲ್ಲಿ ಯೋಚಿಸಿದರೆ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮವರು ಎಂದೋ ಎರಡು ಕೈಗಳನ್ನು ಒಂದೇ ಗಾದೆಯಲ್ಲಿ ಮುಗಿಸಿಬಿಟ್ಟಿದ್ದಾರೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತರಿಗೆ ಇದನ್ನು ಹೇಳಿದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನು ಮನೆಗೆ ಬಂದವನೇ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಎರಡು ಅಂಕಣ ಎಳೆದೆ. ಎಡಕ್ಕೆ ಅಪಾಯ, ಬಲಕ್ಕೆ ಲಾಭ. ಅಡುಗೆಮನೆಯ ಒಂದೊಂದೇ ಡಬ್ಬಿ ತೆರೆಸಿ ವಿಚಾರಣೆ ಶುರುಮಾಡಿದೆ. ಹಸಿರು ತಿರುಗಿದ ಆಲೂಗಡ್ಡೆ ಹೊರಗೆ ಹೋಯಿತು, ಅದು ಸರಿ. ತೇವ ಹಿಡಿದ ಕಡಲೆಕಾಯಿಗೆ ಬೂಸ್ಟಿನ ಗುಮಾನಿ, ಅದೂ ಸರಿ. ಆದರೆ ಉಪ್ಪಿನಕಾಯಿಯ ಭರಣಿಯ ಮುಂದೆ ನಾನು ಭೂತಗನ್ನಡಿ ಹಿಡಿದು ಕೂತಾಗ ಹೆಂಡತಿ ದೀಪ ಆರಿಸಿ ಹೋಗಿಬಿಟ್ಟಳು.

ಎಲ್ಲಕ್ಕಿಂತ ದೊಡ್ಡ ಆಘಾತ ಟೀಯದು. ಊಟದ ಜೊತೆಗೋ ಊಟವಾದ ತಕ್ಷಣವೋ ಟೀ ಕುಡಿದರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ, ರಕ್ತ ಕಡಿಮೆ ಇರುವವರು ನಡುವೆ ಒಂದು ಗಂಟೆಯಾದರೂ ಬಿಡಬೇಕು ಎಂದು ಮೇಡಂ ಹೇಳಿಬಿಟ್ಟರು. ಕೂತಿದ್ದವರೆಲ್ಲ ಟೀ ಬೆಳೆಗಾರರು. ಯಾರ ಮನೆಗೆ ಹೋದರೂ ಮೊದಲು ಟೀ, ಉಂಡ ಮೇಲೆ ಟೀ, ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಇನ್ನೊಂದು ಟೀ ಕೊಡುವ ಜನ ನಾವು. ಹಿಂದಿನ ಬೆಂಚಿನವರೊಬ್ಬರು ಎದ್ದು, ಅದು ನಮ್ಮ ಟೀಗೂ ಅನ್ವಯಿಸುತ್ತದೆಯೋ ಎಂದು ಕೇಳಿದರು. ನಾನಂತೂ ಧರ್ಮವನ್ನು ಎತ್ತಿಹಿಡಿದೆ. ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಸುಮತಿಗೆ ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ ಇಲ್ಲ. ಅವ್ವೆಗೆ ಓದಲು ಬರುವುದಿಲ್ಲ. ಆದ್ದರಿಂದ ಗಟ್ಟಿಯಾಗಿ ಮೂರು ಸಲ ಓದಿ ಹೇಳಿದೆ. ಅವಳು ತಲೆಯಾಡಿಸಿದಳು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು ಎಂಬುದನ್ನೂ ಹೇಳಿದೆ. ಅದು ತಾನು ಮೊದಲಿನಿಂದ ಹಿಂಡುತ್ತಿರುವುದೇ ಎಂದಳು.

ಕೊನೆಗೆ ಸೊಪ್ಪಿನ ಸರದಿ ಬಂತು. ಲಾಭದ ಅಂಕಣದಲ್ಲಿ ಒಂದು ಸಾಲು ಬರೆದೆ. ಅಪಾಯದ ಅಂಕಣದಲ್ಲಿ ಬರೆಯುತ್ತಾ ಬರೆಯುತ್ತಾ ಜಾಗ ಸಾಲದೆ ಅಂಚಿಗೆ ಹೋದೆ. ತೋಟದ ಸೊಪ್ಪು, ತೋಟಕ್ಕೆ ಔಷಧಿ, ತಿನ್ನುವವಳು ಬಸುರಿ ಮಗಳು. ಮಗಳ ಹೆಸರು ಬಂದೊಡನೆ ನನ್ನ ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ಕುಸಿಯಿತು. ಸೊಪ್ಪು ಬೇಡ, ಪೇಟೆಯಿಂದ ತರೋಣ ಎಂದೆ. ಪೇಟೆಯ ಸೊಪ್ಪಿಗೆ ಯಾರು ಏನು ಹೊಡೆದಿದ್ದಾರೆ ಗೊತ್ತೇ ಎಂದು ಹೆಂಡತಿ ಕೇಳಿದಳು. ಉತ್ತರ ಇಲ್ಲದಿದ್ದಾಗ ಗಂಡಸರು ಏನಾದರೊಂದು ಕೆಲಸ ಮಾಡುತ್ತಾರೆ. ನಾನು ಹಳೆಯ ಕೆಂಪು ಪಂಚೆಯೊಂದನ್ನು ಹನ್ನೊಂದು ತುಂಡು ಮಾಡಿ ತೋಟದ ಉದ್ದಗಲಕ್ಕೂ ಕಟ್ಟಿಬಿಟ್ಟೆ. ಔಷಧಿ ಹೊಡೆದಿರಲಿ ಬಿಡಲಿ, ಬಟ್ಟೆ ಇದ್ದರೆ ಯಾರೂ ಸೊಪ್ಪಿಗೆ ಕೈ ಹಾಕುವುದಿಲ್ಲವಲ್ಲ, ಅಪಾಯ ಸೊನ್ನೆ.

ಅವ್ವೆ ಅಂಗಳದಲ್ಲಿ ನಿಂತು ಅದನ್ನೆಲ್ಲ ನೋಡಿದಳು.

"ದಿನಾಲೂ ಕಟ್ಟಿಯಿದ್ದರೆ, ಮರುಂದು ಹೊಡೆದ ದಿನ ಯಾವುದು ಎಂದು ಎಂಗಗ ಹೇಗ ಗೊತ್ತಪ್ಪುದು?" ಎಂದಳು. ಮರುಂದು ಎಂದರೆ ನಮ್ಮಲ್ಲಿ ಔಷಧಿ, ಎಂಗಗ ಎಂದರೆ ನಮಗೆ.

ಇದು ಮುನ್ನೆಚ್ಚರಿಕೆಯ ತತ್ವ, ನಿನಗೆ ತಿಳಿಯುವುದಿಲ್ಲ ಎಂದೆ. ಮೂರನೆಯ ಕೈ, ಅಂದರೆ ತಿಳಿಯುವಂತೆ ಹೇಳುವ ಕೈ, ನನಗೆ ಆಗಲೇ ಸೋತುಹೋಗಿತ್ತು.

ಆ ಮಳೆಗಾಲದಲ್ಲಿ ಔಷಧಿ ಹೊಡೆಯುವ ಪ್ರಸಂಗವೇ ಬರಲಿಲ್ಲ. ಮಳೆ ಬಿಟ್ಟೂ ಬಿಡದೆ ಹೊಯ್ದಿತು. ಹೆಂಗಸರು ಮೊದಲ ವಾರ ಬಟ್ಟೆಗಳನ್ನು ಕಂಡು ದೂರ ಸರಿದರು. ಎರಡನೆಯ ವಾರ, ಇಷ್ಟು ಮಳೆಯಲ್ಲಿ ಇವನು ಏನು ಹೊಡೆದಾನು ಎಂದು ತಮ್ಮತಮ್ಮಲ್ಲೇ ನಕ್ಕರು. ಮೂರನೆಯ ವಾರ ಒಬ್ಬಳು ಸೊಪ್ಪು ಕಿತ್ತ ಮೇಲೆ ಕೈಯ ಕೆಸರನ್ನು ನನ್ನ ಕೆಂಪು ಬಟ್ಟೆಗೇ ಒರೆಸಿ ಹೋದದ್ದನ್ನು ಕಣ್ಣಾರೆ ಕಂಡೆ. ಅವ್ವೆಯ ಬುಟ್ಟಿಯೂ ದಿನಾ ತುಂಬಿಯೇ ಬರುತ್ತಿತ್ತು. ಔಷಧಿ ಇಲ್ಲದ ದಿನಗಳಾದ್ದರಿಂದ ನಾನೂ ಗೊಣಗಿ ಸುಮ್ಮನಾಗುತ್ತಿದ್ದೆ. ಬಟ್ಟೆಗಳನ್ನು ಮಾತ್ರ ಬಿಚ್ಚಲಿಲ್ಲ. ಕಟ್ಟಿದವನಿಗೆ ಬಿಚ್ಚುವ ನಾಚಿಕೆ.

ಮಳೆ ಹಿಂದೆ ಸರಿದ ಮೇಲೆ ಟೀ ಸೊಳ್ಳೆ ಎದ್ದಿತು. ನಮ್ಮ ತೋಟಕ್ಕೆ ಔಷಧಿ ಹೊಡೆಯುವವನು ಭೋಜ, ನನಗೆ ದೂರದ ತಮ್ಮನಾಗಬೇಕು. ಅವನ ಅಪ್ಪನೂ ನಮಗೆ ಇದೇ ಕೆಲಸ ಮಾಡಿಕೊಡುತ್ತಿದ್ದ. ಬಿಸಿಲು ಬಂದ ದಿನ ಹೊಡೆದುಬಿಡು ಎಂದು ಹೇಳಿ ಮರೆತಿದ್ದೆ. ಒಂದು ಬೆಳಗ್ಗೆ ನಾನು ಕೆಳಗಿನ ತುಂಡು ತೋಟದ ಲೀಫ್ ಮೂಟೆಗಳನ್ನು ತೂಕಕ್ಕೆ ಹಾಕಿಸಲು ಲೀಫ್ ಶೆಡ್ಡಿಗೆ ಹೋದೆ. ಹೊರಡುವಾಗ ಅವ್ವೆ ಬುಟ್ಟಿ ಹಿಡಿದು ತೋಟದತ್ತ ಹೊರಟಿದ್ದಳು. ಇವತ್ತು ಸುಮತಿಗೆ ಎಳೆ ದಂಟಿನ ಸಾರು ಎಂದಿದ್ದಳು. ಬಿಸಿಲು ಚೆನ್ನಾಗಿ ಏರಿದ ಮೇಲೆ ಭೋಜ ಶೆಡ್ಡಿಗೆ ಬಂದ. ತಲೆಗೂದಲು ಒದ್ದೆ, ಸ್ನಾನ ಮಾಡಿದ ಸೋಪಿನ ವಾಸನೆ.

"ಹೊಡೆದು ಮುಗೀತು ಅಣ್ಣ. ಬೆಳಕು ಹರಿಯುವಾಗಲೇ ಶುರು ಮಾಡಿದೆ," ಎಂದ.

ಬಟ್ಟೆ ಕಟ್ಟಿದೆಯಾ ಎಂದು ಕೇಳಿದೆ.

"ಯಾವ ಬಟ್ಟೆ? ಹನ್ನೊಂದು ಆಗಲೇ ಆಡುತಾ ಅದೆ. ಹನ್ನೆರಡನೇದ ಕಟ್ಟಿದರೆ ಯಾರು ನೋಡುವರು?" ಎಂದ ಭೋಜ. ಆಮೇಲೆ, "ಆದರೆ ಅಣ್ಣ, ಕೇಳು," ಎಂದು ಇನ್ನೇನೋ ಶುರುಮಾಡಿದ. ಕೇಳಲು ನಾನೆಲ್ಲಿದ್ದೆ? ರಸ್ತೆ ದಾಟಿಯಾಗಿತ್ತು.

ಓಡಿದೆ. ಸುಮತಿಗೆ ಫೋನು ಮಾಡಿದರೆ ಉತ್ತರವಿಲ್ಲ. ಅವಳ ಫೋನು ಸದಾ ಒಳಕೋಣೆಯಲ್ಲಿ, ಅವಳು ಸದಾ ಅಡುಗೆಮನೆಯಲ್ಲಿ. ರಸ್ತೆ ಹಿಡಿದರೆ ಅರ್ಧ ಗಂಟೆ, ತೋಟಗಳ ನಡುವಿನ ಒಳದಾರಿ ಹಿಡಿದರೆ ಹತ್ತು ನಿಮಿಷ. ಒಳದಾರಿ ಹಿಡಿದೆ. ಒಂದು ಚಪ್ಪಲಿ ಎಲ್ಲೋ ಉಳಿಯಿತು. ಮನಸ್ಸಿನಲ್ಲಿ ಒಂದೇ ಚಿತ್ರ: ಬೆಳಗ್ಗೆ ಔಷಧಿ ಹೊಡೆದ ಸೊಪ್ಪು, ಮಧ್ಯಾಹ್ನ ಮಗಳ ತಟ್ಟೆಯಲ್ಲಿ. ಕಾಪಾಡಬೇಕೆಂದು ಕಟ್ಟಿದ ಬಟ್ಟೆಗಳೇ ಎಲ್ಲರ ಕಣ್ಣು ಕಟ್ಟಿದ್ದವು.

ಅರ್ಧ ದಾರಿಯಲ್ಲಿ ಕಾಟಿ ನಿಂತಿತ್ತು.

ತರಬೇತಿಯ ಉದಾಹರಣೆಯೊಂದು ಇಷ್ಟು ಬೇಗ ಕೊಂಬು ಸಮೇತ ಎದುರಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂಟಿ ಗಂಡು, ಬಿಳಿ ಕಾಲ್ಚೀಲ ಹಾಕಿಕೊಂಡ ಬೆಟ್ಟದಂಥದ್ದು, ಮೂವತ್ತು ಹೆಜ್ಜೆ ದೂರ. ನಿಜ ಹೇಳುತ್ತೇನೆ, ಆ ಕ್ಷಣದಲ್ಲೂ ನನ್ನ ತಲೆ ಎರಡು ಅಂಕಣ ಎಳೆಯಿತು. ಪಕ್ಕದಿಂದ ನುಗ್ಗಿದರೆ ಹತ್ತು ನಿಮಿಷ ಉಳಿಯುತ್ತದೆ. ಕೊಂಬು ತಾಗಿದರೆ ಸುದ್ದಿ ಮುಟ್ಟಿಸುವವನೇ ಇರುವುದಿಲ್ಲ. ಮೇಡಂ ಇದ್ದಿದ್ದರೆ ಮೆಚ್ಚುತ್ತಿದ್ದರು. ಕಾಟಿಗೆ ನನ್ನ ಲೆಕ್ಕದಲ್ಲಿ ಆಸಕ್ತಿ ಇರಲಿಲ್ಲ, ನಿಧಾನಕ್ಕೆ ಮೆಲುಕು ಹಾಕುತ್ತಿತ್ತು. ನಾನು ಹಿಂದೆ ಸರಿದು, ಕೆಳಗಿನ ಎರಡು ತೋಟ ಸುತ್ತಿ, ಬೇಲಿಯಲ್ಲಿ ಪಂಚೆ ಹರಿದುಕೊಂಡು, ಕೊನೆಗೆ ಮನೆಯ ಹಿತ್ತಿಲಿಗೆ ಬಂದು ಬಿದ್ದೆ.

ಸುಮತಿ ಊಟಕ್ಕೆ ಕೂತಿದ್ದಳು. ತಟ್ಟೆಯಲ್ಲಿ ರಾಗಿ ಹಿಟ್ಟು, ಅದರ ಸುತ್ತ ಹಸಿರು ಸಾರು. ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರ. ತಿನ್ನಬೇಡ ಎಂದು ಕೂಗಿದೆ. ಕೂಗು ಎಂದುಕೊಂಡೆ, ಬಂದದ್ದು ಕೀರಲು ಸದ್ದು. ಆದರೂ ಅವಳ ಕೈ ನಿಂತಿತು. ನಾನು ತಟ್ಟೆಗೆ ಕೈ ಹಾಕಿ ಎಳೆದೆ, ಸಾರು ಅರ್ಧ ನೆಲಕ್ಕೆ ಚೆಲ್ಲಿತು. ಭೋಜ ಬೆಳಗ್ಗೆಯೇ ಹೊಡೆದನಂತೆ, ನಾನು ಕಟ್ಟಿದ ಬಟ್ಟೆಯಿಂದ ಹೀಗಾಯಿತು, ನನ್ನಿಂದಲೇ ಆಯಿತು ಎಂದು ಏನೇನೋ ಹೇಳಿದೆ. ಅಳುತ್ತಲೂ ಇದ್ದೆ ಎಂದು ಮಗಳು ಆಮೇಲೆ ಹೇಳಿದಳು. ಅವಳ ಮುಖ ಬಿಳಿಚಿಹೋಗಿತ್ತು. ಆಗಲೇ ಎರಡು ತುತ್ತು ತಿಂದಿದ್ದೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಅವ್ವೆ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಎಲ್ಲಿ ಕಿತ್ತೆ ಎಂದು ಕೇಳಿದೆಯಾ?" ಎಂದಳು.

ಎಲ್ಲಿ ಎಂದು ಆಗ ಕೇಳಿದೆ.

"ಒರತೆ ಕೆಳಗಿನ ಮೂರು ಲೈನು. ಅಲ್ಲಿಗ ಭೋಜ ಮರುಂದು ಹೊಡೆಯೋದಿಲ್ಲೆ. ಅವನ ಅಪ್ಪನೂ ಹೊಡೆದಿಲ್ಲೆ. ನೀ ಇಸ್ಕೂಲಿಗ ಹೋಪಾಗಿಂದ ಆ ಮೂರು ಲೈನು ಸೊಪ್ಪಿಗ ಬಿಟ್ಟದು."

ನನ್ನ ಮಣ್ಣಿನ ಪರೀಕ್ಷೆ! ನನ್ನ ಎರಡು ಪೊಟ್ಟಣ! ಮುರುಟಿದ ಎಲೆ, ಕಂದಿದ ಚಿಗುರು, ಇಷ್ಟು ವರ್ಷ ನಾನು ಬೈದ ಆ ದರಿದ್ರ ಗಿಡಗಳು! ಅವು ರೋಗದಿಂದ ನರಳುತ್ತಿರಲಿಲ್ಲ, ನಮ್ಮ ಮನೆಯ ಸೊಪ್ಪನ್ನೂ ನೀರನ್ನೂ ಕಾಯುತ್ತಿದ್ದವು. ಹಟ್ಟಿಯ ಹೆಂಗಸರೂ ಸೊಪ್ಪಿಗೆ ಹೆಚ್ಚಾಗಿ ಬಗ್ಗುತ್ತಿದ್ದದ್ದು ಅಲ್ಲೇ, ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ತೋಟದ ಯಜಮಾನ ಒಬ್ಬನೇ. ಸಂತೋಷಕ್ಕೆ ಅಲ್ಲೇ ನೆಲದ ಮೇಲೆ, ಚೆಲ್ಲಿದ ಸಾರಿನ ಪಕ್ಕದಲ್ಲಿ ಕೂತುಬಿಟ್ಟೆ.

ಕೂತರೂ ತರಬೇತಿ ಪಡೆದವನಲ್ಲವೇ, ಒಂದು ಅನುಮಾನ ಉಳಿದಿತ್ತು. ಕೆಳಗೆ ಹೊಡೆದದ್ದು ಗಾಳಿಯಲ್ಲಿ ಮೇಲಕ್ಕೆ ಬಂದರೆ ಎಂದು ಕೇಳಿದೆ. ಅವ್ವೆ ನನ್ನನ್ನು ಒಂದನೆಯ ತರಗತಿಯ ಮಗುವಿನಂತೆ ನೋಡಿದಳು. ಬೆಳಗಿನ ಜಾವದ ಗಾಳಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಅದಕ್ಕೇ ಭೋಜನಿಗೆ ಬೆಳಕು ಹರಿಯುವಾಗ ಶುರುಮಾಡಿ ಬಿಸಿಲಿಗೆ ಮೊದಲು ಮುಗಿಸಲು ಹೇಳಿರುವುದು. ಇವತ್ತಿನ ಸೊಪ್ಪನ್ನು ಮೂರನೆಯ ಸಾಲಿನಿಂದಲ್ಲ, ಒರತೆಗೆ ತಾಗಿದ ಮೊದಲನೆಯ ಸಾಲಿನಿಂದ ಕಿತ್ತದ್ದು. ತೊಳೆದದ್ದು ನಾಲ್ಕು ನೀರು. ಇಷ್ಟನ್ನೂ ಅವಳು ಒಲೆಯ ಸೌದೆ ಸರಿಮಾಡುತ್ತಾ ಹೇಳಿದಳು. ಎಷ್ಟಿದೆ, ಎಲ್ಲಿದೆ, ಯಾವಾಗ, ಯಾರಿಗೆ, ಬಿಟ್ಟರೆ ಏನು ನಷ್ಟ. ಮೇಡಂ ಎರಡು ದಿನ ಹೇಳಿದ್ದರಲ್ಲಿ ಒಂದೂ ಬಿಟ್ಟಿರಲಿಲ್ಲ. ಅಪಾಯವನ್ನು ಸೊನ್ನೆ ಮಾಡುತ್ತೇನೆಂದು ನಾನು ಸೊಪ್ಪನ್ನೇ ಓಡಿಸಲು ಹೊರಟಿದ್ದೆ. ಅವಳು ಮೂರು ಸಾಲು ಟೀಯನ್ನು ಸೊಳ್ಳೆಗೆ ಕೊಟ್ಟು ಸೊಪ್ಪನ್ನು ಉಳಿಸಿಕೊಂಡಿದ್ದಳು.

ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ದರೆ ಅದಕ್ಕೂ ಹೊಡೆಸುತ್ತಿದ್ದೆ," ಎಂದಳು.

ಅಷ್ಟರಲ್ಲಿ ಭೋಜ ಬಂದ, ಕೈಯಲ್ಲಿ ನನ್ನ ಒಂಟಿ ಚಪ್ಪಲಿ. ಒರತೆ ಕೆಳಗಿನ ಮೂರು ಲೈನು ಬಿಟ್ಟೇ ಹೊಡೆದೆ ಎಂದು ಶೆಡ್ಡಿನಲ್ಲೇ ಹೇಳಲು ಬಂದೆ ಅಣ್ಣ, ನೀ ನಿಲ್ಲಲೇ ಇಲ್ಲೆ ಎಂದ. ಸುಮತಿ ಅವನನ್ನು ನೋಡಿದಳು, ನನ್ನ ಹರಿದ ಪಂಚೆ ನೋಡಿದಳು, ನಗಲು ಶುರುಮಾಡಿದಳು. ಮೂರು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹಿಂದಿನ ವಾರದ ಚೀಟಿಯಲ್ಲಿ ರಕ್ತ ಸ್ವಲ್ಪ ಏರಿದೆ ಎಂದು ನರ್ಸಮ್ಮ ಹೇಳಿದ್ದರು. ಅದು ಮಾತ್ರೆಯದೋ ಸೊಪ್ಪಿನದೋ ನಾನು ಅಂಕಣ ಎಳೆದು ನೋಡಲು ಹೋಗಲಿಲ್ಲ. ಅವ್ವೆ ಅವಳ ತಟ್ಟೆಗೆ ಮತ್ತೆ ಹಿಟ್ಟು ಬಡಿಸಿ, ಸಾರು ಹಾಕಿ, ನಿಂಬೆ ಹಿಂಡಿದಳು.

ನನಗೆ ಏನಾದರೂ ಮಾಡಲೇಬೇಕಿತ್ತು, ಅಷ್ಟು ಖುಷಿ. ಎದ್ದು ಒಲೆಯ ಇನ್ನೊಂದು ಬಾಯಿಗೆ ಪಾತ್ರೆಯಿಟ್ಟೆ. ನಮ್ಮದೇ ತೋಟದ ಪುಡಿ, ಶುಂಠಿ, ಗಟ್ಟಿ ಹಾಲು. ಭೋಜನಿಗೆ ಒಂದು ಲೋಟ, ಅವ್ವೆಗೆ ಒಂದು, ಕೆಳಗಿನ ತುಂಡು ತೋಟದಿಂದ ಬರುತ್ತಿದ್ದ ಹೆಂಡತಿಗೆ ಒಂದು. ಎಲ್ಲಕ್ಕಿಂತ ದೊಡ್ಡ ಲೋಟವನ್ನು, ನೊರೆ ಬರುವಂತೆ ಎತ್ತಿ ಎತ್ತಿ ಹೊಯ್ದು, ಕೊನೆಯ ತುತ್ತು ಬಾಯಿಗಿಡುತ್ತಿದ್ದ ಮಗಳ ಕೈಗೆ ಪ್ರೀತಿಯಿಂದ ಕೊಟ್ಟೆ. ಕೊಡುವಾಗ ನನ್ನ ತಲೆಯ ಮೇಲೆಯೇ ಕ್ಯಾಲೆಂಡರು ತೂಗುತ್ತಿತ್ತು, ನನ್ನದೇ ದಪ್ಪ ಅಕ್ಷರ.

ಓದು ಬರದ ಅವ್ವೆ ಕೈ ಚಾಚಿ ಲೋಟ ತೆಗೆದುಕೊಂಡಳು. ಅದರ ಮೇಲೊಂದು ಪುಟ್ಟ ತಟ್ಟೆ ಮುಚ್ಚಿ ನನ್ನ ಮುಂದಿಟ್ಟಳು.

"ಒಂದು ಗಂಟೆ ಆಗಲಿ. ನೀ ನೋಡಿಕೊ," ಎಂದಳು.

ಸಂಜೆ ಹೋಗಿ ಹತ್ತು ಬಟ್ಟೆ ಬಿಚ್ಚಿದೆ. ತೋಟದ ಬಾಯಲ್ಲಿದ್ದ ಹನ್ನೊಂದನೆಯದನ್ನು ಆವತ್ತಿನ ಔಷಧಿಗೆಂದು ಬಿಟ್ಟೆ. ಆದರೆ ಅದು ಸಂಜೆಯ ಮಾತು. ಮಧ್ಯಾಹ್ನದ ಆ ಒಂದು ಗಂಟೆ ಮಾತ್ರ ನಾನು ಅಲುಗಾಡದೆ, ಗೋಡೆಯ ಗಡಿಯಾರ ನೋಡುತ್ತಾ, ಆರುತ್ತಿದ್ದ ಆ ಲೋಟವನ್ನು ಕಾಯುತ್ತಾ ಕೂತಿದ್ದೆ. ನಮ್ಮ ಮನೆಯ ಅಪಾಯ ನಿರ್ವಹಣೆಯಲ್ಲಿ ಅವ್ವೆ ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು.